ಗಣಿ ಡಂಪಿನ ಮೇಲೆ ರಸ್ತೆ: ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ನೆಲದ ಹೊಣೆ ಯಾರದು?

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಗಣಿಗಾರಿಕೆ ನಿಂತ ಜಾಗಗಳನ್ನು ಪುನಶ್ಚೇತನಗೊಳಿಸಿ, ಅಲ್ಲಿ ಸರ್ಕಾರ ಮತ್ತು ಖಾಸಗಿ ಪಾಲುದಾರ ಸೇರಿ ರಸ್ತೆ ನಿರ್ಮಿಸಬೇಕೆಂದರೆ ಏನೇನು ತಿಳಿದಿರಬೇಕು ಎಂಬುದು ಈ ಟಿಪ್ಪಣಿಯ ವಿಷಯ. ಸಹಭಾಗಿತ್ವದ ಪಾಠವನ್ನು ನಾವು ಸಾಮಾನ್ಯವಾಗಿ ಹಣದಿಂದ ಆರಂಭಿಸುತ್ತೇವೆ. ಈ ಪ್ರಸಂಗದಲ್ಲಿ ನೆಲದಿಂದಲೇ ಆರಂಭಿಸುವುದು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಕರಾರಿನ ಮುಖ್ಯ ಷರತ್ತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ನೆಲ ಎಷ್ಟು ಕುಸಿಯುತ್ತದೆ, ಕುಸಿದರೆ ರಿಪೇರಿಯ ಖರ್ಚು ಯಾರದು ಎಂಬ ಪ್ರಶ್ನೆಯ ಮೇಲೆಯೇ.

ಗಣಿ ಪ್ರದೇಶದಲ್ಲಿ ಎರಡು ಬಗೆಯ ನೆಲವಿರುತ್ತದೆ. ಅದಿರು ತೆಗೆಯಲು ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಭಾಗವನ್ನು ಬೆಂಚ್ ಎನ್ನುತ್ತಾರೆ; ಅದು ಬಹುತೇಕ ಮೂಲ ಬಂಡೆಯಾದ್ದರಿಂದ ಗಟ್ಟಿಯಾಗಿರುತ್ತದೆ. ಅದಿರಿನ ಜೊತೆ ಬಂದ ಬೇಡದ ಮಣ್ಣು-ಕಲ್ಲನ್ನು ಸುರಿದ ರಾಶಿಯೇ ಡಂಪ್. ಟಿಪ್ಪರ್ ಹಿಮ್ಮುಖವಾಗಿ ಅಂಚಿಗೆ ಬಂದು ಸುರಿದಾಗ ದೊಡ್ಡ ಕಲ್ಲುಗಳು ಉರುಳಿ ಬುಡ ಸೇರುತ್ತವೆ, ಸಣ್ಣ ಪುಡಿ ಮೇಲೆ ಉಳಿಯುತ್ತದೆ. ಹೀಗೆ ವರ್ಷಗಟ್ಟಲೆ ಸುರಿದ ರಾಶಿಯಲ್ಲಿ ರೋಲರ್ ಓಡಿಸಿ ಗಟ್ಟಿಗೊಳಿಸಿದ ಪದರ ಒಂದೂ ಇರುವುದಿಲ್ಲ. ರಸ್ತೆಗೆ ಅತಿ ಅಪಾಯದ ಸ್ಥಳ ಡಂಪಿನ ನಡುಭಾಗವಲ್ಲ, ಬೆಂಚ್ ಮುಗಿದು ಡಂಪ್ ಶುರುವಾಗುವ ಗಡಿ. ಅಲ್ಲಿ ಒಂದು ಬದಿ ಕದಲದೆ ನಿಂತು ಇನ್ನೊಂದು ಬದಿ ಕುಸಿಯುವುದರಿಂದ ಡಾಂಬರು ಅಡ್ಡಡ್ಡ ಸೀಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ಗಾಜಿನ ಲೋಟಕ್ಕೆ ಒಣಗಿದ ಕೆಂಪು ಮಣ್ಣನ್ನೂ ಸಣ್ಣ ಕಲ್ಲುಗಳನ್ನೂ ಒತ್ತದೆ, ಅಲುಗಿಸದೆ ಕಂಠದವರೆಗೆ ತುಂಬಿ, ಮೇಲಿನಿಂದ ನಿಧಾನವಾಗಿ ನೀರು ಹನಿಸಿ. ಲೋಟದ ಮೇಲೆ ಯಾವ ಭಾರವನ್ನೂ ಇಡದಿದ್ದರೂ ಮಣ್ಣಿನ ಮಟ್ಟ ಕಣ್ಣೆದುರೇ ಕೆಳಗಿಳಿಯುತ್ತದೆ. ಕಲ್ಲುಗಳ ಸಂದಿಯಲ್ಲಿ ಒಣ ಪುಡಿ ಆನಿಕೆಯಾಗಿ ನಿಂತಿರುತ್ತದೆ. ನೀರು ತಾಗಿದೊಡನೆ ಆ ಆನಿಕೆ ಕರಗಿ, ಕಲ್ಲು ಕೆಳಗೆ ಜಾರುತ್ತದೆ. ಡಂಪಿನಲ್ಲಿ ನಡೆಯುವುದೂ ಇದೇ. ಮೂರು ಬೇಸಿಗೆ ಕದಲದೆ ನಿಂತ ರಾಶಿ ನಾಲ್ಕನೆಯ ಮಳೆಗಾಲದಲ್ಲಿ ಒಮ್ಮೆಲೇ ಇಳಿಯಬಹುದು. ಬಳ್ಳಾರಿಯಂಥ ಕಡಿಮೆ ಮಳೆಯ ಸೀಮೆಯಲ್ಲಿ ಈ ಅಪಾಯ ಕಡಿಮೆಯೆಂದು ತಿಳಿಯುವುದು ತಪ್ಪು. ಮಳೆ ಕಡಿಮೆಯಾದಷ್ಟೂ ರಾಶಿಯ ಒಡಲು ಹೆಚ್ಚು ಕಾಲ ಒಣಗಿಯೇ ಇರುತ್ತದೆ, ಆಗಬೇಕಾದ ಕುಸಿತ ಬಾಕಿ ಉಳಿದಿರುತ್ತದೆ.

ಆದುದರಿಂದ ರಸ್ತೆ ಹಾಯುವ ಪಟ್ಟಿಯಲ್ಲಿ ಡಂಪನ್ನು ಬಗೆದು, ನೀರು ಹದಮಾಡಿ, ತೆಳು ಪದರಗಳಲ್ಲಿ ಮತ್ತೆ ತುಂಬಿ ರೋಲರ್ ಓಡಿಸಬೇಕಾಗುತ್ತದೆ. ಹೆದ್ದಾರಿ ಕಾಮಗಾರಿಯ ನಿರ್ದಿಷ್ಟತೆಗಳ ಪ್ರಕಾರ ರಸ್ತೆಗಾಗಿ ಎತ್ತರಿಸಿದ ಏರಿಯ ಮಣ್ಣು, ಅದೇ ಮಣ್ಣನ್ನು ಪ್ರಯೋಗಾಲಯದಲ್ಲಿ ಬಡಿದು ಪಡೆದ ಗರಿಷ್ಠ ಒಣ ಸಾಂದ್ರತೆಯ ಶೇ. 95ರಷ್ಟು, ಡಾಂಬರು ರಚನೆಯ ಕೆಳಗಿನ ಸಬ್‌ಗ್ರೇಡ್ ಶೇ. 97ರಷ್ಟು ಗಟ್ಟಿಯಾಗಿರಬೇಕು. ರಾಶಿ ಬಹಳ ಆಳವಾಗಿದ್ದರೆ ಪೂರ್ತಿ ಬಗೆಯಲಾಗದು. ಆಗ ಎತ್ತರದಿಂದ ಭಾರವಾದ ತೂಕವನ್ನು ಮತ್ತೆ ಮತ್ತೆ ಬೀಳಿಸಿ ಗಟ್ಟಿಗೊಳಿಸುವ ವಿಧಾನವಿದೆ. ಇವೆರಡಕ್ಕಿಂತಲೂ ಮುಖ್ಯವಾದುದು ನೀರಿನ ದಾರಿ. ಇಳಿಜಾರಿನ ಮೇಲ್ಭಾಗದಲ್ಲಿ ಮಳೆನೀರನ್ನು ತಡೆದು ಬದಿಗೆ ಸಾಗಿಸುವ ಮಾಲೆಗಾಲುವೆ, ಬುಡದಲ್ಲಿ ಕಲ್ಲಿನ ತಡೆಗೋಡೆ, ಹೂಳು ತಂಗುವ ಹೊಂಡ ಇವು ಪುನಶ್ಚೇತನ ಕಾಮಗಾರಿಗಳೂ ಹೌದು, ರಸ್ತೆಯ ಆಯುಷ್ಯವನ್ನು ಕಾಯುವ ಕೆಲಸಗಳೂ ಹೌದು. ಇವುಗಳ ನಿರ್ವಹಣೆಯನ್ನು ಒಂದು ಇಲಾಖೆಗೂ ರಸ್ತೆಯ ನಿರ್ವಹಣೆಯನ್ನು ಖಾಸಗಿ ಪಾಲುದಾರನಿಗೂ ಬೇರೆಬೇರೆಯಾಗಿ ಹಂಚಿದರೆ, ಕಾಲುವೆ ಹೂಳು ತುಂಬಿ ರಸ್ತೆ ಕೊಚ್ಚಿಹೋದ ದಿನ ಇಬ್ಬರೂ ಪರಸ್ಪರ ಬೆರಳು ತೋರಿಸುತ್ತಾರೆ.

ಇನ್ನು ಹಕ್ಕಿನ ವಿಚಾರ. ಕನ್ನಡದಲ್ಲಿ ಗಣಿ ನಡೆಸುವ ಹಕ್ಕಿಗೂ ಕಾಮಗಾರಿ ಒಪ್ಪಂದಕ್ಕೂ ಗುತ್ತಿಗೆ ಎಂದೇ ಹೇಳುವುದರಿಂದ ಅಭ್ಯಾಸಿಗಳಲ್ಲಿ ಗೊಂದಲವಾಗುತ್ತದೆ. ಗಣಿ ಗುತ್ತಿಗೆ ಮುಗಿದ ಮಾತ್ರಕ್ಕೆ ಆ ಭೂಮಿ ರಸ್ತೆಗೆ ಮುಕ್ತವಾಗುವುದಿಲ್ಲ. ಸಂಡೂರಿನ ಗಣಿ ಪ್ರದೇಶದ ಬಹುಭಾಗ ಅರಣ್ಯ ಭೂಮಿ. ಗಣಿಗೆಂದು ಪಡೆದ ಅನುಮತಿ ರಸ್ತೆಗೆ ಅನ್ವಯಿಸದ ಕಾರಣ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಹೊಸದಾಗಿ ಒಪ್ಪಿಗೆ ಪಡೆಯಬೇಕು. ಖಾಸಗಿ ಪಾಲುದಾರನಿಗೆ ಭೂಮಿಯ ಒಡೆತನ ಎಂದಿಗೂ ಬರುವುದಿಲ್ಲ. ನಿಗದಿತ ಅವಧಿಗೆ ರಸ್ತೆ ನಿರ್ಮಿಸಿ, ನಿರ್ವಹಿಸಿ, ಹಿಂದಿರುಗಿಸುವ ಹಕ್ಕು ಮಾತ್ರ ಬರುತ್ತದೆ.

ಹಣದ ಮಾದರಿಗಳಲ್ಲಿ ಎರಡನ್ನು ಹೋಲಿಸಿದರೆ ಸಾಕು. ಟೋಲ್ ಆಧಾರಿತ ಬಿಒಟಿ (ಕಟ್ಟಿ, ನಡೆಸಿ, ಹಿಂದಿರುಗಿಸುವ) ಮಾದರಿಯಲ್ಲಿ ಪಾಲುದಾರನೇ ಬಂಡವಾಳ ಹೂಡಿ, ವಾಹನಗಳಿಂದ ಟೋಲ್ ವಸೂಲಿ ಮಾಡಿ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ವಾಹನ ಬಾರದಿದ್ದರೆ ನಷ್ಟ ಅವನದೇ. 2016ರಲ್ಲಿ ಹೆದ್ದಾರಿಗಳಿಗೆ ಜಾರಿಯಾದ ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ ಯೋಜನಾ ವೆಚ್ಚ 100 ಕೋಟಿ ರೂಪಾಯಿ ಎಂದಿಟ್ಟುಕೊಂಡರೆ, 40 ಕೋಟಿಯನ್ನು ಕಾಮಗಾರಿ ನಡೆಯುತ್ತಿರುವಾಗಲೇ ಸರ್ಕಾರ ಕಂತುಗಳಲ್ಲಿ ಕೊಡುತ್ತದೆ. ಉಳಿದ 60 ಕೋಟಿಯನ್ನು ಪಾಲುದಾರ ಹೂಡಿ, ರಸ್ತೆ ಬಳಕೆಗೆ ಬಂದ ಮೇಲೆ 15 ವರ್ಷಗಳಲ್ಲಿ ಆರು ತಿಂಗಳಿಗೊಂದು ಕಂತಿನಂತೆ ಬಡ್ಡಿಸಹಿತ ಪಡೆಯುತ್ತಾನೆ. ಟೋಲ್ ಇದ್ದರೆ ಅದು ರಸ್ತೆ ಮಾಡಿಸುವ ಸರ್ಕಾರಿ ಪ್ರಾಧಿಕಾರಕ್ಕೆ ಸೇರುತ್ತದೆ.

ಬಳ್ಳಾರಿಯ ಮಟ್ಟಿಗೆ ಟೋಲ್ ಮಾದರಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿನ ಲಾರಿಗಳ ಸಂಖ್ಯೆಯನ್ನೇ ನೆಚ್ಚಿ ಅದರ ಹಿಂದಿನ ವರ್ಷ ಯಾರಾದರೂ ಟೋಲ್ ರಸ್ತೆಯ ಲೆಕ್ಕ ಹಾಕಿದ್ದರೆ ಆ ಲೆಕ್ಕವೆಲ್ಲ ಒಂದೇ ಆದೇಶಕ್ಕೆ ಸುಳ್ಳಾಗುತ್ತಿತ್ತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿಗಳು ಹಂತಹಂತವಾಗಿ ತೆರೆದರೂ ಉತ್ಪಾದನೆಗೆ ಮಿತಿಯಿತ್ತು. ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ ಇದ್ದ ಮಿತಿ 2017ರಲ್ಲಿ 28ಕ್ಕೆ, 2022ರಲ್ಲಿ 35ಕ್ಕೆ ಏರಿತು. ಅಂದರೆ ಇಲ್ಲಿ ಎಷ್ಟು ಲಾರಿ ಓಡಬೇಕೆಂಬುದನ್ನು ಮಾರುಕಟ್ಟೆಯೊಂದೇ ತೀರ್ಮಾನಿಸುವುದಿಲ್ಲ, ನ್ಯಾಯಾಲಯವೂ ತೀರ್ಮಾನಿಸುತ್ತದೆ. ಇದರ ಮೇಲೆ ಅದಿರು ಸಾಗಣೆ ಕನ್ವೇಯರ್ ಮತ್ತು ರೈಲಿಗೆ ಹೋದಷ್ಟೂ ಲಾರಿ ಕಡಿಮೆಯಾಗುತ್ತದೆ. ಧೂಳು ಕುಡಿದ ಊರುಗಳಿಗೆ ಅದು ಒಳ್ಳೆಯದೇ, ಆಗಲೇಬೇಕಾದದ್ದೇ. ಊರಿಗೆ ಒಳಿತಾದಷ್ಟೂ ರಸ್ತೆಯ ಪಾಲುದಾರನಿಗೆ ನಷ್ಟವಾಗುವಂಥ ಕರಾರನ್ನು ಸರ್ಕಾರ ಬರೆಯಬಾರದು.

ಲಾರಿಯ ಭಾರದ ಲೆಕ್ಕವನ್ನೂ ಗಮನದಲ್ಲಿಡಬೇಕು. ರಸ್ತೆಗೆ ಆಗುವ ಹಾನಿ ಆ್ಯಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು. ಅದಿರು ಬಲು ತೂಕದ ಸರಕಾದ್ದರಿಂದ ಲಾರಿಯ ತೊಟ್ಟಿ ಅರ್ಧ ಖಾಲಿ ಕಂಡರೂ ಭಾರ ಮಿತಿ ಮೀರಿರಬಹುದು. ಆದುದರಿಂದ ಲಾರಿ ತೂಗುವ ವೇಬ್ರಿಡ್ಜ್ ಮತ್ತು ಹೆಚ್ಚುವರಿ ಭಾರದ ತಪಾಸಣೆಯ ಹೊಣೆ ಸರ್ಕಾರದ್ದೆಂದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

ಸರ್ಕಾರದ ಪಾಲಿನ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಜಿಲ್ಲೆಯಲ್ಲಿ ಎರಡು ಮೂಲಗಳು ಎದುರಿಗಿವೆ. ಒಂದು, ಗಣಿ-ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿದಾರರು ಕಟ್ಟುವ ಹಣದ ನಿಧಿಯಾದ ಜಿಲ್ಲಾ ಖನಿಜ ಪ್ರತಿಷ್ಠಾನ. ಇದರಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮೊದಲಾದವುಗಳಿಗೆ ಹೆಚ್ಚಿನ ಆದ್ಯತೆ, ರಸ್ತೆಗೆ ಅದರ ನಂತರದ ಸ್ಥಾನ. ಇನ್ನೊಂದು, ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಸಂಗ್ರಹವಾದ ಹಣವನ್ನು ಬಳಸಲು 2014ರಲ್ಲಿ ಸ್ಥಾಪನೆಯಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. ಈ ಹಣ ಗಣಿಯಿಂದ ನೊಂದ ಜನರಿಗೂ ನೆಲಕ್ಕೂ ಸಲ್ಲಬೇಕಾದದ್ದು. ಅದರಿಂದ ಕಟ್ಟಿದ ರಸ್ತೆಯಲ್ಲಿ ಅದೇ ಊರಿನ ಎತ್ತಿನಗಾಡಿ, ಟಂಟಂ, ಶಾಲಾ ಬಸ್ಸುಗಳನ್ನು ತಡೆದು ಟೋಲ್ ಕೇಳುವುದು ಅನ್ಯಾಯ.

ಕೊನೆಯದಾಗಿ, ಟೆಂಡರ್ ಕರೆಯುವ ಮುನ್ನ ಸಿದ್ಧವಾಗಬೇಕಾದ ಒಂದು ಕಡತವಿದೆ: ಡಂಪನ್ನು ಯಾವ ವರ್ಷಗಳಲ್ಲಿ ಸುರಿದರು, ಅದರ ಕೆಳಗೆ ಹಳ್ಳವಿತ್ತೇ, ಹಳೆಯ ಗುಂಡಿಯನ್ನು ಮುಚ್ಚಿದ್ದಾರೆಯೇ, ಆಳ ಎಷ್ಟು ಎಂಬ ವಿವರ. ಹಳೆಯ ಗಣಿ ನಕ್ಷೆ, ಗಣಿ ಮುಚ್ಚುವ ಯೋಜನೆ, ಸರ್ವೆ ದಾಖಲೆಗಳೆಲ್ಲ ಸರ್ಕಾರದ ಕೈಯಲ್ಲಿರುತ್ತವೆ. ಪಾಲುದಾರ ಕೆಲವು ಕಡೆ ಬೋರ್ ಕೊರೆದು ನೋಡಬಲ್ಲನೇ ಹೊರತು ಮಣ್ಣಿನಡಿಯ ಹಳ್ಳವನ್ನು ಪೂರ್ತಿ ಪತ್ತೆ ಹಚ್ಚಲಾರ. ನೆಲದ ಸ್ಥಿತಿಗೆ ಅವನನ್ನೇ ಪೂರ್ತಿ ಹೊಣೆ ಮಾಡಿದರೆ ಆ ಭಯದ ಬೆಲೆಯನ್ನು ಅವನು ಟೆಂಡರ್ ಮೊತ್ತಕ್ಕೆ ಸೇರಿಸುತ್ತಾನೆ, ಇಲ್ಲವೇ ಅರ್ಧದಲ್ಲಿ ಕೆಲಸ ಬಿಟ್ಟು ವ್ಯಾಜ್ಯಕ್ಕೆ ಹೋಗುತ್ತಾನೆ. ದಾಖಲೆಯಲ್ಲಿ ಕಾಣದ ಗುಂಡಿ ಅಗೆತದಲ್ಲಿ ಸಿಕ್ಕರೆ ಅದರ ಖರ್ಚು ಸರ್ಕಾರದ್ದು, ಪದರಗಳನ್ನು ಸರಿಯಾಗಿ ಗಟ್ಟಿಗೊಳಿಸದೆ ಆದ ಕುಸಿತ ಪಾಲುದಾರನದು ಎಂದು ಗೆರೆ ಎಳೆಯಬೇಕು. ಆ ಗೆರೆಯನ್ನು ಸಾಬೀತುಪಡಿಸಲು ಕಾಮಗಾರಿಯ ಮೊದಲ ದಿನದಿಂದಲೇ ಬೆಂಚ್-ಡಂಪ್ ಗಡಿಯಲ್ಲಿ ಮಟ್ಟದ ಗುರುತುಗಳನ್ನು ನೆಟ್ಟು, ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಇಬ್ಬರೂ ಒಟ್ಟಿಗೆ ನಿಂತು ಅಳೆದು, ಒಂದೇ ಪುಸ್ತಕದಲ್ಲಿ ಸಹಿ ಹಾಕಬೇಕು.