ಷಿಲ್ಲರನ ಬುರುಡೆ ಯಾವುದು?

ಮೇಜಿನ ಮೇಲೆ 23 ತಲೆಬುರುಡೆಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ‘ಇದೇ ಷಿಲ್ಲರನದು’ ಎಂದು ತೀರ್ಮಾನಿಸಿದವನು ಊರಿನ ಮೇಯರ್. ಇದು ನಡೆದದ್ದು 1826ರಲ್ಲಿ, ಜರ್ಮನಿಯ ವೈಮಾರ್ ಪಟ್ಟಣದಲ್ಲಿ.

ಫ್ರೀಡ್ರಿಷ್ ಷಿಲ್ಲರ್ ಅಂದರೆ ‘ವಿಲ್ಹೆಲ್ಮ್ ಟೆಲ್’ ನಾಟಕ ಬರೆದವನು. ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಯಲ್ಲಿ ಹಾಡುತ್ತಾರಲ್ಲ, ಆ ಕವಿತೆಯೂ ಇವನದೇ. ಓದಿದ್ದು ಮಾತ್ರ ಡಾಕ್ಟರಿಕೆ. ಸ್ವಲ್ಪ ಕಾಲ ಸೈನ್ಯದ ವೈದ್ಯನಾಗಿಯೂ ಇದ್ದ. 1805ರ ಮೇ 9ರಂದು ತೀರಿಕೊಂಡಾಗ ವಯಸ್ಸು 45. ಕೊಯ್ದು ನೋಡಿದರೆ ಎಡಗಡೆ ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಇಷ್ಟು ದಿನ ಹೇಗೆ ಬದುಕಿದ್ದ ಅಂತ ವೈದ್ಯರಿಗೇ ಆಶ್ಚರ್ಯ.

ಸ್ವಂತ ಸಮಾಧಿ ಇಲ್ಲದ ದೊಡ್ಡವರಿಗಾಗಿ ಊರಲ್ಲೊಂದು ನೆಲಮಾಳಿಗೆ ಇತ್ತು. ಅವನನ್ನು ಅಲ್ಲಿಗೇ ಇಳಿಸಿದರು. ಒಂದರ ಮೇಲೊಂದು ಪೆಟ್ಟಿಗೆ. 21 ವರ್ಷ ಕಳೆದ ಮೇಲೆ ಹೋಗಿ ನೋಡಿದರೆ ಮರ ಕೊಳೆತು, ಯಾರ ಮೂಳೆ ಯಾರದೋ ಗೊತ್ತಾಗದ ಹಾಗೆ ಬೆರೆತುಹೋಗಿತ್ತು.

ದೊಡ್ಡ ಕವಿ ಅಂದಮೇಲೆ ತಲೆಯೂ ದೊಡ್ಡದೇ ಇರಬೇಕು. ಬುರುಡೆಯ ಆಕಾರದಲ್ಲೇ ಬುದ್ಧಿ ಅಳೆಯುತ್ತಿದ್ದ ಕಾಲ ಅದು. ಈ ಲೆಕ್ಕ ಎಷ್ಟು ಪೊಳ್ಳು ಅನ್ನುವುದಕ್ಕೆ ಇಬ್ಬರು ಸಾಹಿತಿಗಳೇ ಸಾಕ್ಷಿ. ರಷ್ಯಾದ ತುರ್ಗೆನೆವ್‌ನ ಮಿದುಳು ಸುಮಾರು 2 ಕಿಲೋ ತೂಗಿತಂತೆ. ನೊಬೆಲ್ ಪಡೆದ ಅನಾತೊಲ್ ಫ್ರಾನ್ಸ್‌ನದು ಸುಮಾರು 1 ಕಿಲೋ!

ಮೇಯರ್ ಆರಿಸಿದ ಬುರುಡೆಯನ್ನು ಗಯಟೆ ಕೆಲವು ತಿಂಗಳು ಮನೆಗೆ ತಂದಿಟ್ಟುಕೊಂಡ. ‘ಶಾಕುಂತಲ’ವನ್ನು ಹಾಡಿ ಹೊಗಳಿದ ಅದೇ ಗಯಟೆ, ಷಿಲ್ಲರನ ಜೀವದ ಗೆಳೆಯ. ನೀಲಿ ಮಖಮಲ್ಲಿನ ದಿಂಬು, ಮೇಲೊಂದು ಗಾಜಿನ ಮುಚ್ಚಳ. ಅದನ್ನು ನೋಡುತ್ತಾ ಒಂದು ಕವಿತೆಯನ್ನೂ ಬರೆದ. 1827ರಲ್ಲಿ ಬುರುಡೆ ರಾಜಮನೆತನದ ಸಮಾಧಿಭವನ ಸೇರಿತು.

ಅನುಮಾನ ಮಾತ್ರ ಹೋಗಲಿಲ್ಲ. ಸತ್ತಾಗ ಮುಖದಿಂದ ತೆಗೆದ ಅಚ್ಚಿಗೂ ಈ ಬುರುಡೆಗೂ ತಾಳೆಯಾಗುವುದಿಲ್ಲ ಎಂದು 1883ರಲ್ಲಿ ಒಬ್ಬ ಅಂಗರಚನಾ ತಜ್ಞ ತಕರಾರು ತೆಗೆದ. 1911ರಲ್ಲಿ ಇನ್ನೊಬ್ಬ ಹಳೆಯ ಜಾಗವನ್ನೇ ಮತ್ತೆ ಅಗೆದು, 63 ಬುರುಡೆ ಹೊರತೆಗೆದು, ಬೇರೊಂದನ್ನು ‘ಅಸಲಿ’ ಅಂದ. ಈಗ ಒಬ್ಬ ಕವಿಗೆ ಎರಡು ತಲೆ!

ಜಗಳ ಬಿಡಿಸಲು ಬಂದದ್ದು ಡಿಎನ್‌ಎ. 2006ರಲ್ಲಿ ಶುರುವಾದ ತನಿಖೆಗಾಗಿ ಷಿಲ್ಲರನ ಸಂಬಂಧಿಕರ ಸಮಾಧಿಗಳನ್ನೂ ತೆರೆಯಬೇಕಾಯಿತು. ಏಕೆಂದರೆ ಬುರುಡೆಯ ಡಿಎನ್‌ಎ ಒಂದೇ ಇದ್ದರೆ ಏನೂ ಹೇಳುವುದಿಲ್ಲ, ಹೋಲಿಸಿ ನೋಡಲು ಇನ್ನೊಂದು ಬೇಕು. ನಮ್ಮ ಜೀವಕೋಶದಲ್ಲಿ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಭಾಗಗಳಿವೆ. ಅವುಗಳ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಹಾಗಾಗಿ ಷಿಲ್ಲರನದೂ ಅವನ ಒಡಹುಟ್ಟಿದವರದೂ ಒಂದೇ ಇರಬೇಕು. ವೈ ಕ್ರೋಮೊಸೋಮ್ ತಂದೆಯಿಂದ ಮಗನಿಗೆ ಇಳಿಯುತ್ತದೆ. ಇನ್ನು ಮಗನಲ್ಲಿರುವ ಉಳಿದ ಡಿಎನ್‌ಎಯಲ್ಲಿ ತಾಯಿಯ ಪಾಲು ಯಾವುದು ಅಂತ ಗೊತ್ತಾದರೆ, ಮಿಕ್ಕಿದ್ದು ತಂದೆಯದು. ಸೋದರಿ, ಹೆಂಡತಿ, ಮಗ ಎಲ್ಲರೂ ಬೇಕಾದದ್ದು ಅದಕ್ಕೇ.

ಜೊತೆಗೇ, ಮೇಯರ್ ಆರಿಸಿದ ಬುರುಡೆಗೆ ಮುಖವನ್ನೂ ಕಟ್ಟಿ ನೋಡಿದರು. ಥೇಟ್ ಷಿಲ್ಲರ್! ಕಣ್ಣು ನಂಬುವುದಾದರೆ ಕೇಸು ಅಲ್ಲೇ ಮುಗಿಯಬೇಕಿತ್ತು, ಅಲ್ವಾ?

2008ರಲ್ಲಿ ಫಲಿತಾಂಶ ಬಂತು. ಮೊದಲನೆಯದೂ ಅವನದಲ್ಲ, ಎರಡನೆಯದೂ ಅಲ್ಲ. ಕನ್ನಡದಲ್ಲಿ ‘ಬುರುಡೆ’ ಅಂದರೆ ಸುಳ್ಳು ಅಂತಲೂ ಅರ್ಥ ಇದೆ, ನೋಡಿ. ಅಷ್ಟೇ ಅಲ್ಲ, ಪೆಟ್ಟಿಗೆಯಲ್ಲಿದ್ದ ಮೂಳೆಗಳೂ ಒಬ್ಬನದಲ್ಲ, ಹಲವರದು.

ಗಯಟೆ ಎದುರಿಗಿಟ್ಟುಕೊಂಡು ಕವಿತೆ ಬರೆದದ್ದು ಯಾರೋ ಅಪರಿಚಿತನ ತಲೆಯ ಮೇಲೆ. ಹಾಗಂತ ಕವಿತೆ ಕೆಟ್ಟಿತೇ? ನನಗಂತೂ ಹಾಗನ್ನಿಸುವುದಿಲ್ಲ. ವೈಮಾರ್‌ನ ಆ ಸಮಾಧಿಭವನದಲ್ಲಿ ಇವತ್ತಿಗೂ ಗಯಟೆಯ ಪೆಟ್ಟಿಗೆಯ ಪಕ್ಕದಲ್ಲೇ ಷಿಲ್ಲರನ ಪೆಟ್ಟಿಗೆಯೂ ಇದೆ. ಖಾಲಿ.