ಟೆಲಿಸ್ಕೋಪಿನ ಮರದ ಪೆಟ್ಟಿಗೆ: ಚಕ್ರ ಕೂರಿಸುವ ಲೆಕ್ಕ

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ 10 ಇಂಚು ಕನ್ನಡಿಯ ಟೆಲಿಸ್ಕೋಪು ಎದ್ದು ನಿಂತಿದೆ. ಕನ್ನಡಿ ಕೊಂಡದ್ದು, ಮರಗೆಲಸ ನಮ್ಮದು. ಲೆಕ್ಕ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇದು ಜಾನ್ ಡಾಬ್ಸನ್ ಬಳಕೆಗೆ ತಂದ ಮಾದರಿ. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರ, ಶನಿ ತೋರಿಸುತ್ತಿದ್ದವರು ಅವರು. ಭಾಗಗಳು ಮೂರೇ: ಕನ್ನಡಿ ಇರುವ ಉದ್ದ ಕೊಳವೆ, ಅದನ್ನು ಹೊರುವ ತೊಟ್ಟಿಲಿನಂಥ ಪೆಟ್ಟಿಗೆ, ಕೆಳಗೆ ತಿರುಗುವ ಹಲಗೆ. ನನ್ನ ಕೊಳವೆ 9 ಮಿ.ಮೀ. ಮರೈನ್ ಪ್ಲೈಯ ಚೌಕ ಪೆಟ್ಟಿಗೆ, ಅಗಲ 32 ಸೆಂ.ಮೀ. ಕನ್ನಡಿಯ ಸಂಗಮದೂರ 1250 ಮಿ.ಮೀ.

ಈಗ ಚಕ್ರದ ವಿಷಯ. ಕೊಳವೆಯ ಎರಡೂ ಪಕ್ಕದಲ್ಲಿ ಒಂದೊಂದು ದುಂಡು ಚಕ್ರ ಇರುತ್ತದೆ. ಕೊಳವೆ ಮೇಲೆ ಕೆಳಗೆ ಬಾಗುವುದು ಅದರ ಮೇಲೆಯೇ. ಅದು ತೂಕ ಸಮವಾಗುವ ಜಾಗದಲ್ಲೇ ಕೂರಬೇಕು. ನಾನು ಕನ್ನಡಿ ಹಾಕಿದ ಕೊಳವೆಯನ್ನು ಒಂದು ರೀಪಿನ ಮೇಲೆ ಅಡ್ಡ ಇಟ್ಟು ನೋಡಿದೆ. 16 ಕಿಲೋ ಭಾರ, ಹಿಂಬದಿಯಿಂದ 42 ಸೆಂ.ಮೀ.ಗೆ ಸಮ ನಿಂತಿತು. ಅಲ್ಲೇ ಚಕ್ರ ತಿರುಪಿದೆ. ಕಣ್ಣಿಟ್ಟು ನೋಡುವ ಮಸೂರ ಅಂದರೆ ಐಪೀಸು, ಅದನ್ನು ಹಿಡಿಯುವ ಫೋಕಸರ್, ಗುರಿ ಹಿಡಿಯಲು ಇರುವ ಪುಟ್ಟ ದುರ್ಬೀನು ಫೈಂಡರ್, ಎಲ್ಲ ಹಾಕಿ ಕೈ ಬಿಟ್ಟೆ. ಮೂತಿ ದಡಕ್ಕನೆ ಕೆಳಗೆ ಬಂತು.

"ಮಾಷ್ಟ್ರೇ, ದೋಟಿಗೆ ಕತ್ತಿ ಕಟ್ಟಿದ ಮೇಲಲ್ವಾ ಹೆಗಲು ಎಲ್ಲಿ ಕೊಡ್ಬೇಕೂಂತ ನೋಡುವುದು?" ಎಂದರು ಬಡಗಿ ಆಚಾರ್ರು. ಇಡೀ ಪಾಠ ಅದೇ. ಅಡಿಕೆ ಕೊಯ್ಯುವ ದೋಟಿಯ ತುದಿಗೆ ಪುಟ್ಟ ಕತ್ತಿ ಕಟ್ಟಿದರೂ ಹೆಗಲು ಆ ಕಡೆಗೆ ಸರಿಯಬೇಕು.

ಲೆಕ್ಕ ಹೀಗೆ. ಸೇರಿಸಿದ್ದು 1 ಕಿಲೋ, ಅದು ಇರುವುದು ಹಿಂಬದಿಯಿಂದ 112 ಸೆಂ.ಮೀ.ನಲ್ಲಿ. ಹಳೇ ಸಮಬಿಂದುವಿನಿಂದ 70 ಸೆಂ.ಮೀ. ದೂರ. 1 × 70 = 70. ಇದನ್ನು ಒಟ್ಟು ತೂಕ 17ರಿಂದ ಭಾಗಿಸಿದರೆ 4.1. ಅಂದರೆ ಸಮಬಿಂದು ನಾಲ್ಕು ಸೆಂ.ಮೀ. ಮುಂದೆ, 46ಕ್ಕೆ ಹೋಯಿತು. ಒಟ್ಟು ತೂಕದಿಂದ ಭಾಗಿಸಬೇಕು, ಹಳೇ 16ರಿಂದ ಅಲ್ಲ. ಇಲ್ಲಿ ನಾನು ಎರಡು ಸಲ ತಪ್ಪಿದೆ. ಚಕ್ರ ಕದಲಿಸದೆ ಹಿಂಬದಿಯ ತುದಿಗೆ ಭಾರ ಕಟ್ಟಬಹುದು: 70 ÷ 42, ಸುಮಾರು 1.7 ಕಿಲೋ. ಆದರೆ ಹೊರುವವರು ನಾವೇ ಅಲ್ವಾ? ಚಕ್ರ ಸರಿಸಿದೆ.

ಸರಿಸಿದ ಕೂಡಲೇ ಇನ್ನೊಂದು ಕಷ್ಟ. ಕೊಳವೆ ಮೇಲೆತ್ತುವಾಗ ಅದರ ಹಿಂದಿನ ಮೂಲೆ ತೊಟ್ಟಿಲು ಪೆಟ್ಟಿಗೆಯ ತಳಕ್ಕೆ ತಾಗಿತು. ತಳದಿಂದ ಚಕ್ರದ ನಡುವಿಗೆ 46 ಸೆಂ.ಮೀ. ಎತ್ತರ ಸಾಕು ಅಂತ ಕಾಣುತ್ತದೆ, ಸಾಲದು. ಮೂಲೆಯ ದೂರ ಓರೆಗೆರೆ: 46ರ ವರ್ಗ 2116, ಅಗಲದ ಅರ್ಧ 16ರ ವರ್ಗ 256, ಕೂಡಿ 2372. ವರ್ಗಮೂಲ 48.7. ನಾನು ತೊಟ್ಟಿಲಿನ ಪಕ್ಕದ ಹಲಗೆ ಕೊಯ್ದದ್ದು 47ಕ್ಕೆ. ಅದರ ಕೆಳಗೆ ಮೂರು ಸೆಂ.ಮೀ. ಹಲಸಿನ ರೀಪು ಕೊಟ್ಟು 50 ಮಾಡಿದೆವು. ಹಾಗಾಗಿ ಕ್ರಮ ಇದು: ಎಲ್ಲ ಸಾಮಾನು ಹಾಕಿ, ಸಮಬಿಂದು ಹುಡುಕಿ, ಆಮೇಲೆ ಪಕ್ಕದ ಹಲಗೆ ಕೊಯ್ಯಿ.

ಚಕ್ರದ ಅಂಚಿಗೆ ಒರಟು ಮೈಕಾ, ಅದರಡಿ ಟೆಫ್ಲಾನ್ ತುಂಡು. ಬಾಲ್ ಬೇರಿಂಗ್ ಬೇಡ, ಜಾಸ್ತಿ ಸಲೀಸಾಗಿ ಓಡುತ್ತದೆ. 10 ಮಿ.ಮೀ. ಐಪೀಸಿನಲ್ಲಿ 125 ಪಟ್ಟು ಹಿಗ್ಗುವಾಗ ನಕ್ಷತ್ರ ಒಂದೂವರೆ ನಿಮಿಷದಲ್ಲಿ ನೋಟದಿಂದ ದಾಟಿಹೋಗುತ್ತದೆ. ಬೆರಳಿನಿಂದ ತಳ್ಳುತ್ತಲೇ ಇರಬೇಕು, ಬಿಟ್ಟಲ್ಲಿ ನಿಲ್ಲಬೇಕು. ಪ್ಲೈಯ ಅಂಚುಗಳಿಗೆ ಎರಡು ಕೈ ವಾರ್ನಿಶ್ ಹಚ್ಚಿ. ನಮ್ಮ ಮಳೆಗಾಲದಲ್ಲಿ ನೀರು ಮೊದಲು ಹೀರುವುದು ಅಂಚೇ.

ಕೊನೆಗೆ ಪರೀಕ್ಷೆ. 30 ಡಿಗ್ರಿಯಲ್ಲೂ 80 ಡಿಗ್ರಿಯಲ್ಲೂ ಕೈ ಬಿಟ್ಟು ನೋಡಿ. ಫೈಂಡರ್ ಕೊಳವೆಯ ಮೇಲ್ಮೈಯಲ್ಲಿದ್ದರೆ ಒಂದು ಕೋನದಲ್ಲಿ ಸಮ, ಇನ್ನೊಂದರಲ್ಲಿ ಅಲ್ಲ. ಆಗ ಚಕ್ರವನ್ನು ಆ ಬದಿಗೆ ಸ್ವಲ್ಪ ಎತ್ತಿ. 30 ಡಿಗ್ರಿ ನನಗೆ ಬಿಡಲಾಗದ ಕೋನ. ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿದೆ, ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಇಲ್ಲಿ ದಕ್ಷಿಣಕ್ಕೆ ಅಷ್ಟೇ ಎತ್ತರಕ್ಕೆ ಬರುವುದು. ಮೇ ತಿಂಗಳ ರಾತ್ರಿ 10ರ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ತೆಂಗಿನ ತಲೆಗಳ ಮೇಲೆ ಅದನ್ನು ಹಿಡಿಯಬೇಕು.