ಇಪ್ಪತ್ತು ಸಲ ಬರೆದ ಶಬ್ದ ಯಾಕೆ ಮರೆಯುತ್ತದೆ?

‘ರಿಲಕ್ಟಂಟ್’ ಎಂಬ ಶಬ್ದವನ್ನು ಏಳನೆಯ ತರಗತಿಯ ಮಗುವಿನಿಂದ ಇಪ್ಪತ್ತು ಸಲ ಬರೆಯಿಸಿ ನೋಡಿ. ಮೂರನೆಯ ಸಾಲು ದಾಟಿತೆಂದರೆ ಕಣ್ಣು ಮೇಲಿನ ಸಾಲನ್ನು ನೋಡುತ್ತದೆ, ಕೈ ಗೀಚುತ್ತದೆ. ನೆನಪಿಗೆ ಅಲ್ಲಿ ಕೆಲಸವೇ ಇಲ್ಲ. ಮರುದಿನ ಮರೆತರೆ ‘ಇವನಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪು, ಜೊತೆಗೆ ನೆನಪು ಹೆಚ್ಚಲೆಂದು ತಿಮರೆ (ಒಂದೆಲಗ) ಚಟ್ನಿಯ ಉಪಚಾರ. ಚಟ್ನಿ ಊಟಕ್ಕೆ ಒಳ್ಳೆಯದೇ, ಶಬ್ದ ಕಲಿಸುವ ಕೆಲಸ ಅದರದಲ್ಲ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ದಿನ ಬಿಟ್ಟು ಅದನ್ನೇ ಮತ್ತೆ ಕಲಿಯಹೊರಟರೆ ಸುಮಾರು ಮೂರರಲ್ಲೊಂದು ಪಾಲು ಶ್ರಮವಷ್ಟೇ ಉಳಿತಾಯ! 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಇನ್ನೊಂದನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದಾಗ, ಪಾಠ ಮುಚ್ಚಿಟ್ಟು ನೆನಪಿಸಿಕೊಂಡು ಬರೆದವರೇ ಮುಂದೆ.

ನಮ್ಮ ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳನ್ನು ನೆನೆಯಿರಿ. ನೀರು ಗುಡ್ಡದೊಳಗೇ ಇದೆ. ಹೊರಗಿನಿಂದ ಕೊಡಗಟ್ಟಲೆ ಸುರಿದರೆ ಸುರಂಗವಾಗದು; ಮುರಕಲ್ಲು ಕೊರೆದು ನೀರು ಹೊರಬರಲು ದಾರಿ ಮಾಡಬೇಕು. ಪುಸ್ತಕ ಮುಚ್ಚಿ ‘ಆ ಶಬ್ದ ಯಾವುದು?’ ಎಂದು ತಡಕಾಡುವ ಪ್ರತಿ ಸಲವೂ ಒಂದು ಹಾರೆಯೇಟು. ಆದರೆ ಕೊರೆತದ ನಡುವೆ ಬಿಡುವೂ ಬೇಕು. ಅಂಗಳದ ಚಾಲಿ ಅಡಕೆಗೆ ನಲವತ್ತು ದಿನದ ಬಿಸಿಲು, ನಡುನಡುವೆ ಮಗುಚುವುದು. ಒಂದೇ ದಿನ ಬೆಂಕಿಯಲ್ಲಿ ಒಣಗಿಸಹೊರಟರೆ ಹೊರಗೆ ಕರಕಲು, ಒಳಗೆ ಹಸಿ. ಪರೀಕ್ಷೆಯ ಮುನ್ನಾರಾತ್ರಿಯ ಓದು ಇಂಥದ್ದು.

ಈ ಬಿಡುವನ್ನು ಲೆಕ್ಕಕ್ಕೆ ತಂದದ್ದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಪೆಟ್ಟಿಗೆ ವಿಧಾನ. ಮನೆಗೆ ಒಗ್ಗಿಸಿದರೆ ಹೀಗೆ: ಹಳೆಯ ಮದುವೆ ಕಾಗದ ಕತ್ತರಿಸಿ ಚೀಟಿ ಮಾಡಿ. ಮುಂಬದಿಗೆ ಕನ್ನಡ ಅರ್ಥ ಮತ್ತು ಶಬ್ದದ ಜಾಗ ಖಾಲಿ ಬಿಟ್ಟ ಇಂಗ್ಲಿಷ್ ವಾಕ್ಯ, ಹಿಂಬದಿಗೆ ಶಬ್ದ. ದಿನಕ್ಕೆ ಐದು ಹೊಸ ಶಬ್ದ ಸಾಕು. ನಾಲ್ಕು ಡಬ್ಬಿ: ಮೊದಲನೆಯದು ದಿನಾಲೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಸರಿಯಾದರೆ ಮುಂದಿನ ಡಬ್ಬಿಗೆ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಮೊದಲ ಡಬ್ಬಿಯಲ್ಲಿ ಹದಿನೈದಕ್ಕಿಂತ ಹೆಚ್ಚಾದ ದಿನ ಹೊಸ ಶಬ್ದ ಬೇಡ.

ಕಷ್ಟದ ಶಬ್ದಗಳನ್ನು ನೆನಪಿಗೆ ಸಿಕ್ಕಿಸುವ ಕೊಕ್ಕೆ ನಮ್ಮ ಭಾಷೆಯಲ್ಲೇ ಸಿಗುತ್ತದೆ, ಇದು ನಿಜಕ್ಕೂ ಸಂಭ್ರಮದ ವಿಷಯ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ. ಇಂಗ್ಲಿಷ್ ಗ್ರೀಕ್-ಲ್ಯಾಟಿನ್‌ಗಳಿಂದ ತಂದುಕೊಂಡದ್ದರ ನಂಟರು ನಮ್ಮಲ್ಲಿ ಸಂಸ್ಕೃತದ ಮೂಲಕ ಬಂದು ಕೂತಿದ್ದಾರೆ. ಇಗ್ನೈಟ್‌ನೊಳಗೆ ಅಗ್ನಿ, ಪೆಡೆಸ್ಟ್ರಿಯನ್‌ನೊಳಗೆ ಪಾದ. ಅನಾನಿಮಸ್ ಎಂದರೆ ಅನಾಮಿಕ. ಇಮ್ಮಾರ್ಟಲ್ ಮತ್ತು ಅಮೃತ ಭಾಗಕ್ಕೆ ಭಾಗ ಹೊಂದುತ್ತವೆ: ‘ಇಮ್’ಗೆ ‘ಅ’, ‘ಮಾರ್ಟ್’ಗೆ ‘ಮೃತ’. ಅಡಕೆಗೆ ಇಂಗ್ಲಿಷಿನವರು ಹೇಳುವ ‘ಅರೆಕ’ವಂತೂ ಪೋರ್ಚುಗೀಸರ ಬಾಯಿಯಲ್ಲಿ ನಮ್ಮ ಕರಾವಳಿಯಿಂದಲೇ ಹೋದದ್ದು.

ಎಡವುವುದು ಹೆಚ್ಚಾಗಿ ಎರಡು ಕಡೆ. ‘ಅಡ್ಯಾಪ್ಟ್’ (ಹೊಂದಿಕೊಳ್ಳು), ‘ಅಡಾಪ್ಟ್’ (ದತ್ತು ತೆಗೆದುಕೊಳ್ಳು) ಹೀಗೆ ಅವಳಿಗಳಂತಿರುವ ಶಬ್ದಗಳನ್ನು ಒಂದೇ ದಿನ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ನಡುವೆ ಎರಡು ವಾರ ಬಿಡಿ. ಇನ್ನೊಂದು, ಉತ್ತರ ಹೊಳೆಯುವ ಮೊದಲೇ ಚೀಟಿ ತಿರುಗಿಸುವುದು. ಹತ್ತು ಎಣಿಸುವಷ್ಟು ಹೊತ್ತು ಮಗು ತಡಕಾಡಲಿ. ಒಂದೇ ಚೀಟಿ ನಾಲ್ಕು ಸಲ ತಪ್ಪಿತೆಂದರೆ ದೋಷ ಚೀಟಿಯದ್ದು: ಅದನ್ನು ಹರಿದು, ಮಗುವಿನ ಮನೆ, ತೋಟ, ಬಸ್ಸಿನ ಮಾತಿರುವ ಹೊಸ ವಾಕ್ಯ ಬರೆಯಿರಿ.